ಬದು, ಹಳ್ಳ, ಗೋಮಾಳ: ದಾವಣಗೆರೆ–ಹರಿಹರ ಭಾಗದ ಕಿರು ಆವಾಸಗಳ ಛಿದ್ರೀಕರಣ ಮತ್ತು ಡ್ರೋನ್ ಸಮೀಕ್ಷೆ

ಕೃಷಿಯಲ್ಲಿ ಡ್ರೋನ್ ಎಂದೊಡನೆ ಇಂದು ರೈತ ಬಾಂಧವರ ಮನಸ್ಸಿಗೆ ಬರುವುದು ಔಷಧಿ ಸಿಂಪರಣೆಯ ಯಂತ್ರ. ಕಳೆದ ಕೆಲವು ವರ್ಷಗಳ ಸರ್ಕಾರಿ ಕ್ರಮಗಳನ್ನು ಗಮನಿಸಿದರೆ ಇದು ಸಹಜವೇ ಆಗಿದೆ. 2021ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರ್ಕಾರವು ಡ್ರೋನ್ ನಿಯಮಗಳನ್ನು ಸಡಿಲಗೊಳಿಸಿ ಪ್ರಕಟಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪೀಡೆನಾಶಕ ಸಿಂಪರಣೆಗೆ ಸಂಬಂಧಿಸಿದ ಕಾರ್ಯವಿಧಾನ ಹೊರಬಂದಿತು. 2022ರ ಆರಂಭದಲ್ಲಿ ಕೃಷಿ ಯಾಂತ್ರೀಕರಣ ಉಪ ಅಭಿಯಾನದಡಿ ಕೃಷಿ ವಿಶ್ವವಿದ್ಯಾಲಯಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ಡ್ರೋನ್ ಖರೀದಿಗೆ 10 ಲಕ್ಷ ರೂಪಾಯಿಗಳವರೆಗೆ ಪೂರ್ಣ ಸಹಾಯಧನ ಪ್ರಕಟವಾಯಿತು. 2023ರ ನವೆಂಬರ್‌ನಲ್ಲಿ 1,261 ಕೋಟಿ ರೂಪಾಯಿ ವೆಚ್ಚದಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ ‘ನಮೋ ಡ್ರೋನ್ ದೀದಿ’ ಯೋಜನೆಗೆ ಅನುಮೋದನೆ ದೊರೆಯಿತು. ಈ ಎಲ್ಲ ಕ್ರಮಗಳ ಒತ್ತು ಬಹುಮಟ್ಟಿಗೆ ಸಿಂಪರಣೆಯ ಮೇಲೆಯೇ ಇದೆ. ಹೊಲದ ಸುತ್ತಲಿನ ನೆಲ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತಿದೆ ಎಂಬುದನ್ನು ಮೇಲಿನಿಂದ ನೋಡಿ ದಾಖಲಿಸುವ ಕೆಲಸಕ್ಕೆ ಅದರ ಸಣ್ಣದೊಂದು ಪಾಲೂ ಸಂದಿಲ್ಲ.

ಈ ಲೇಖನದಲ್ಲಿ ಚರ್ಚಿಸುವ ವಿಷಯ ಅದೇ ಆಗಿದೆ. ಆವಾಸ ಛಿದ್ರೀಕರಣ ಎಂದರೆ ಜೀವಿಗಳು ನೆಲೆಸಿರುವ ನಿರಂತರ ಪ್ರದೇಶವು ರಸ್ತೆ, ಬಡಾವಣೆ, ಉಳುಮೆ ಮುಂತಾದ ಕಾರಣಗಳಿಂದ ಸಣ್ಣ ಸಣ್ಣ ತುಣುಕುಗಳಾಗಿ ಒಂದರಿಂದೊಂದು ದೂರವಾಗುವುದು. ಈ ಪದವನ್ನು ನಾವು ಸಾಮಾನ್ಯವಾಗಿ ಪಶ್ಚಿಮಘಟ್ಟದ ಆನೆ, ಹುಲಿಗಳ ಸಂದರ್ಭದಲ್ಲಿ ಕೇಳುತ್ತೇವೆ. ದಾವಣಗೆರೆ ಮತ್ತು ಹರಿಹರದಂತಹ ಬಯಲು ಸೀಮೆಯ ಕೃಷಿ ಪ್ರದೇಶದಲ್ಲಿ ಇದೇ ಕ್ರಿಯೆ ಗುಂಟೆಗಳ ಲೆಕ್ಕದಲ್ಲಿ ನಡೆಯುತ್ತಿದೆ. ಹಾಗಾಗಿಯೇ ಅದು ಯಾರ ಕಣ್ಣಿಗೂ ಬೀಳುತ್ತಿಲ್ಲ.

ಯಾವ ನೆಲ, ಯಾವ ತುಣುಕು

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿ.ಮೀ. ಈ ಅಂತರದಲ್ಲಿ ರಾಷ್ಟ್ರೀಯ ಹೆದ್ದಾರಿ, ಹಳೆಯ ಪುಣೆ–ಬೆಂಗಳೂರು ರಸ್ತೆ, ರೈಲುಮಾರ್ಗ, ಭದ್ರಾ ನಾಲೆಯ ಕವಲುಗಳು, ದೊಡ್ಡಬಾತಿಯ ಕೆರೆ ಮತ್ತು ಗುಡ್ಡ ಎಲ್ಲವೂ ಒತ್ತೊತ್ತಾಗಿ ಇವೆ. ಎರಡೂ ಊರುಗಳಿಗೆ ಸೇರಿ ಒಂದೇ ನಗರಾಭಿವೃದ್ಧಿ ಪ್ರಾಧಿಕಾರವಿದೆ. ಎರಡು ನಗರಗಳು ಪರಸ್ಪರರತ್ತ ಬೆಳೆಯುತ್ತಿವೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಪಶ್ಚಿಮಕ್ಕೆ ತುಂಗಭದ್ರೆ, ಆಚೆ ದಡದಲ್ಲಿ ಹಾವೇರಿ ಜಿಲ್ಲೆ. ಉತ್ತರಕ್ಕೆ ಕೊಂಡಜ್ಜಿಯ ಗುಡ್ಡ ಮತ್ತು ಕೆರೆ. ಪೂರ್ವಕ್ಕೆ ಸಾಗಿದಂತೆ ಆನಗೋಡು, ಮಾಯಕೊಂಡ ಕಡೆಯ ಮಳೆಯಾಶ್ರಿತ ಮೆಕ್ಕೆಜೋಳದ ಹೊಲಗಳು.

1960ರ ದಶಕದಲ್ಲಿ ಭದ್ರಾ ಜಲಾಶಯದ ನೀರು ಬಂದ ಮೇಲೆ ಈ ಭಾಗದ ಎರೆಭೂಮಿಯ ಗಣನೀಯ ಪಾಲು ಭತ್ತದ ಗದ್ದೆಯಾಯಿತು. ಒಂದು ಲಕ್ಷ ಹೆಕ್ಟೇರಿಗೂ ಮೀರಿದ ಭದ್ರಾ ಅಚ್ಚುಕಟ್ಟಿನಲ್ಲಿ ದಾವಣಗೆರೆ ಮತ್ತು ಮಲೇಬೆನ್ನೂರು ಶಾಖಾ ನಾಲೆಗಳ ಕೆಳಗಿನ ಪ್ರದೇಶ ಪ್ರಮುಖವಾದುದು. ಒಣಭೂಮಿಯಲ್ಲಿ ಹತ್ತಿ, ಜೋಳ, ಶೇಂಗಾಗಳ ಜಾಗವನ್ನು ಕ್ರಮೇಣ ಮೆಕ್ಕೆಜೋಳ ಆಕ್ರಮಿಸಿತು. ಈಗ ಗದ್ದೆಗಳ ನಡುವೆ ಅಡಿಕೆ ತೋಟಗಳು ಏಳುತ್ತಿವೆ. ಬೆಳೆ ಯಾವುದೇ ಇರಲಿ, ಅದರ ಸಂದಿಯಲ್ಲಿ ಉಳಿದುಕೊಂಡಿದ್ದ ಜಾಗಗಳು ಕೆಲವಿದ್ದವು. ಎರಡು ಮೂರು ಮೀಟರ್ ಅಗಲದ ಹಳೆಯ ಬದು, ಕತ್ತಾಳೆ ಮತ್ತು ಕಳ್ಳಿಯ ಬೇಲಿ, ಹಳ್ಳದ ಎರಡೂ ದಂಡೆಯ ಹೊಂಗೆ ಮತ್ತು ಈಚಲು, ಊರ ಗುಂಡುತೋಪು, ಗೋಮಾಳ, ಕಂದಾಯ ದಾಖಲೆಯಲ್ಲಿ ‘ಬಿ’ ಖರಾಬು ಎಂದು ನಮೂದಾದ ಹಳ್ಳ–ದಾರಿಗಳ ಅಂಚು. ನಾನು ಇಲ್ಲಿ ಕಿರು ಆವಾಸ ಎನ್ನುತ್ತಿರುವುದು ಇವುಗಳನ್ನು.

ಇವುಗಳಿಂದ ಬೇಸಾಯಕ್ಕೆ ಏನು ಪ್ರಯೋಜನ ಎಂಬ ಪ್ರಶ್ನೆ ನ್ಯಾಯವಾದುದು. ಉತ್ತರಕ್ಕೆ ನಮ್ಮ ಸೀಮೆಯದೇ ಉದಾಹರಣೆಯಿದೆ. ಮೆಕ್ಕೆಜೋಳದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊಟ್ಟಮೊದಲು ಪತ್ತೆಯಾದದ್ದು 2018ರಲ್ಲಿ, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರಿಂದ. ಆ ಹುಳು ಬಂದ ವರ್ಷವೇ ಅದರ ಮೊಟ್ಟೆ ಮತ್ತು ಮರಿಹುಳುಗಳ ಮೇಲೆ ಬದುಕುವ ಸ್ಥಳೀಯ ಪರತಂತ್ರ ಕಣಜಗಳೂ ಪರಭಕ್ಷಕ ಕೀಟಗಳೂ ಕರ್ನಾಟಕದ ಹೊಲಗಳಲ್ಲಿ ದಾಖಲಾದವು. ಹೊರದೇಶದಿಂದ ಬಂದ ಪೀಡೆಗೆ ಸ್ಥಳೀಯ ಶತ್ರುಗಳು ಅಷ್ಟು ಬೇಗ ಎದುರಾದದ್ದು ಹೇಗೆ? ಅವು ಮೊದಲೇ ಇಲ್ಲಿ ಬೇರೆ ಹುಳುಗಳ ಮೇಲೆ ಬದುಕಿದ್ದವು. ಆ ಕಣಜಗಳ ಪ್ರೌಢಾವಸ್ಥೆಗೆ ಮಕರಂದ ಬೇಕು. ಮೆಕ್ಕೆಜೋಳ ಮಕರಂದ ಕೊಡುವ ಬೆಳೆಯಲ್ಲ. ಕಟಾವಾದ ಮೇಲೆ ಮುಂದಿನ ಮುಂಗಾರಿನವರೆಗೆ ಹೊಲ ಬರಿದಾಗಿರುತ್ತದೆ. ಆ ಏಳೆಂಟು ತಿಂಗಳು ಅವುಗಳಿಗೆ ಆಸರೆ ಬದುವಿನ ಹೂಗಿಡ, ಹುಲ್ಲು, ಪೊದೆಗಳೇ. ಸೂರ್ಯಕಾಂತಿ, ತೊಗರಿ, ಕುಂಬಳ ಜಾತಿಯ ತರಕಾರಿಗಳಿಗೆ ಪರಾಗಸ್ಪರ್ಶ ಮಾಡುವ ಕೋಲುಜೇನು, ನೆಲದಲ್ಲಿ ಗೂಡು ತೋಡುವ ಒಂಟಿ ಜೇನುಗಳ ವಿಷಯವೂ ಇದೇ.

ಗುಂಟೆಯ ಲೆಕ್ಕ

ನೂರು ಮೀಟರ್ ಉದ್ದ, ಎರಡು ಮೀಟರ್ ಅಗಲದ ಬದು ಎಂದರೆ 200 ಚದರ ಮೀಟರ್, ಅಂದರೆ ಸುಮಾರು ಎರಡು ಗುಂಟೆ. ಟ್ರ್ಯಾಕ್ಟರ್ ಪ್ರತಿ ವರ್ಷ ಒಂದು ಸಾಲು ಒತ್ತಿ ಉಳುತ್ತಾ ಹೋದರೆ ಕೆಲವೇ ವರ್ಷಗಳಲ್ಲಿ ಬದು ಅರ್ಧ ಮೀಟರಿಗೆ ಇಳಿದು ಹೊಲಕ್ಕೆ ಒಂದೂವರೆ ಗುಂಟೆ ಸೇರುತ್ತದೆ. ಜಮೀನಿನ ಬೆಲೆ ಏರಿರುವ ಈ ದಿನಗಳಲ್ಲಿ ಆ ಒಂದೂವರೆ ಗುಂಟೆಯ ಆಸೆಯನ್ನು ತಪ್ಪು ಎನ್ನಲು ನನಗೆ ಮನಸ್ಸಾಗುವುದಿಲ್ಲ. ಆದರೆ ಅದೇ ಕೆಲಸ ಒಂದು ಗ್ರಾಮದ ನೂರಾರು ಬದುಗಳಲ್ಲಿ ನಡೆದಾಗ ಕಳೆದುಹೋಗುವುದು ಇಡೀ ಜಾಲ.

ಇದನ್ನು ಉಪಗ್ರಹ ಚಿತ್ರದಲ್ಲಿ ನೋಡಬಹುದಲ್ಲವೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಉಚಿತವಾಗಿ ದೊರೆಯುವ ಚಿತ್ರಗಳ ಪೈಕಿ ಕೃಷಿಗೆ ಹೆಚ್ಚು ಬಳಕೆಯಲ್ಲಿರುವ ಸೆಂಟಿನೆಲ್–2 ಉಪಗ್ರಹದ ಒಂದು ಚುಕ್ಕೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ ಹೆಚ್ಚೂಕಡಿಮೆ ಒಂದು ಗುಂಟೆ. ಎರಡು ಮೀಟರ್ ಬದು ಆ ಚುಕ್ಕೆಯ ಐದನೆಯ ಒಂದು ಭಾಗ ಮಾತ್ರ. ಅದರ ಬಣ್ಣ ಅಕ್ಕಪಕ್ಕದ ಬೆಳೆಯ ಬಣ್ಣದೊಡನೆ ಬೆರೆತು ಕಾಣದಾಗುತ್ತದೆ. ಡ್ರೋನ್ 120 ಮೀಟರ್ ಎತ್ತರದಿಂದ ತೆಗೆದ ಚಿತ್ರದಲ್ಲಿ ಸಾಮಾನ್ಯ ಕ್ಯಾಮೆರಾದಿಂದಲೂ ಒಂದು ಚುಕ್ಕೆ ಸುಮಾರು ಮೂರು ನಾಲ್ಕು ಸೆಂಟಿಮೀಟರ್. ಅಲ್ಲಿ ಬದುವಿನ ಅಗಲ ಮಾತ್ರವಲ್ಲ, ಅದರ ಮೇಲಿನ ಪೊದೆ ಎಲ್ಲಿ ಕಡಿದುಹೋಗಿದೆ ಎಂಬುದೂ ತಿಳಿಯುತ್ತದೆ.

ಛಿದ್ರೀಕರಣದ ಹಾನಿ ಕಳೆದುಹೋದ ವಿಸ್ತೀರ್ಣಕ್ಕಿಂತ ಹೆಚ್ಚಿರುತ್ತದೆ ಎಂಬುದನ್ನೂ ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ನೂರು ಮೀಟರ್ ಚೌಕದ ಒಂದು ಹೆಕ್ಟೇರ್ ಕುರುಚಲು ಗೋಮಾಳವಿದೆ ಎಂದಿಟ್ಟುಕೊಳ್ಳೋಣ. ಅದರ ಸುತ್ತಲಿನ ಹತ್ತು ಮೀಟರ್ ಪಟ್ಟಿಯಲ್ಲಿ ಔಷಧಿಯ ತೂರಾಟ, ದೂಳು, ಬೆಂಕಿ, ಜನ–ಜಾನುವಾರುಗಳ ಓಡಾಟ ಹೆಚ್ಚಿರುವುದರಿಂದ ಅದನ್ನು ಬಿಟ್ಟರೆ ನೆಮ್ಮದಿಯ ಒಳಪ್ರದೇಶ 80 ಮೀಟರ್ ಚೌಕ, ಅಂದರೆ 6,400 ಚದರ ಮೀಟರ್. ಈಗ ಅದರ ನಟ್ಟನಡುವೆ ಆರು ಮೀಟರ್ ಅಗಲದ ರಸ್ತೆಯೊಂದು ಹಾದುಹೋಯಿತು. ರಸ್ತೆಗೆ ಹೋದದ್ದು 600 ಚದರ ಮೀಟರ್, ನೂರಕ್ಕೆ ಆರು ಪಾಲು. ಉಳಿದ ಎರಡು ತುಣುಕುಗಳಲ್ಲಿ ಪ್ರತಿಯೊಂದರ ಒಳಪ್ರದೇಶ 80 ಮೀಟರ್ ಉದ್ದ, 27 ಮೀಟರ್ ಅಗಲ. ಎರಡೂ ಸೇರಿ 4,320 ಚದರ ಮೀಟರ್. ಪಹಣಿಯಲ್ಲಿ ಆರು ಗುಂಟೆ ಕಡಿಮೆಯಾದಾಗ ಒಳಪ್ರದೇಶದಲ್ಲಿ ಸುಮಾರು 21 ಗುಂಟೆ ಕಡಿಮೆಯಾಗಿರುತ್ತದೆ. ತುಣುಕುಗಳ ಸಂಖ್ಯೆ, ಸರಾಸರಿ ಗಾತ್ರ, ಅಂಚಿನ ಉದ್ದ, ಪಕ್ಕದ ತುಣುಕಿಗೆ ಇರುವ ದೂರ ಮೊದಲಾದ ಅಳತೆಗಳನ್ನು ಭೂದೃಶ್ಯ ಪರಿಸರಶಾಸ್ತ್ರದಲ್ಲಿ ಬಹುಕಾಲದಿಂದ ಬಳಸಲಾಗುತ್ತಿದೆ. ಅಮೆರಿಕದ ಆರೆಗನ್ ರಾಜ್ಯ ವಿಶ್ವವಿದ್ಯಾಲಯದಿಂದ 1995ರಲ್ಲಿ ಹೊರಬಂದ ಫ್ರ್ಯಾಗ್‌ಸ್ಟ್ಯಾಟ್ಸ್ ತಂತ್ರಾಂಶ ಇವನ್ನು ಲೆಕ್ಕ ಹಾಕಿಕೊಡುತ್ತದೆ. ಲೆಕ್ಕ ಹೊಸತಲ್ಲ. ಬದುವಿನ ಮಟ್ಟಕ್ಕೆ ಇಳಿಯುವ ಚಿತ್ರ ನಮ್ಮ ಕೈಗೆಟುಕಿರುವುದು ಹೊಸತು.

ಒಂದು ಬಾರಿ ಹಾರಿಸುವುದು ಸುಲಭ

ಸಮೀಕ್ಷೆಯ ಕಷ್ಟವಿರುವುದು ಎರಡನೆಯ ಹಾರಾಟದಲ್ಲಿ. ಕೆಲವು ವರ್ಷಗಳ ಹಿಂದೆ ಹರಿಹರ ತಾಲ್ಲೂಕಿನ ಒಂದು ಹಳ್ಳದ ಗುಂಟ ವಿದ್ಯಾರ್ಥಿಗಳೊಡನೆ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಿಕೊಳ್ಳುವುದು ಒಳ್ಳೆಯದು. ಮೊದಲ ವರ್ಷ ಡಿಸೆಂಬರ್‌ನಲ್ಲಿ ಬೆಳಿಗ್ಗೆ, ಮುಂದಿನ ವರ್ಷ ಬಿಡುವು ಸಿಕ್ಕ ಏಪ್ರಿಲ್‌ನಲ್ಲಿ ಮಧ್ಯಾಹ್ನ ಹಾರಿಸಿದೆವು. ಎರಡೂ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟಾಗ ಹಳ್ಳದ ಹಸಿರು ಅರ್ಧಕ್ಕರ್ಧ ಮಾಯವಾದಂತೆ ಕಂಡಿತು. ನಿಜದಲ್ಲಿ ಮಾಯವಾದದ್ದು ಎಲೆ. ಮರಗಳಲ್ಲಿ ಹೆಚ್ಚಿನವು ಅಲ್ಲಿಯೇ ಇದ್ದವು. ಬೆಳಗಿನ ಉದ್ದ ನೆರಳನ್ನು ಗಣಕಯಂತ್ರ ಪೊದೆ ಎಂದು ಎಣಿಸಿತ್ತು. ಆ ಎರಡು ನಕ್ಷೆಗಳನ್ನು ಹೋಲಿಸಿ ಒಂದು ಸಾಲನ್ನೂ ಬರೆಯಲು ಆಗಲಿಲ್ಲ.

ಆದ್ದರಿಂದ ಕಾಲಾನುಕ್ರಮದ ಸಮೀಕ್ಷೆಯಲ್ಲಿ ಪ್ರತಿ ವರ್ಷವೂ ಅದೇ ಪಕ್ಷ, ಅದೇ ಹೊತ್ತು, ಅದೇ ಎತ್ತರ, ಅದೇ ಹಾರಾಟದ ಪಥ ಇರಬೇಕಾಗುತ್ತದೆ. ನಮ್ಮ ಭಾಗಕ್ಕೆ ಡಿಸೆಂಬರ್ ಮಧ್ಯಭಾಗ ಸೂಕ್ತವೆಂಬುದು ನನ್ನ ಅಭಿಪ್ರಾಯ. ಆ ವೇಳೆಗೆ ಒಣಭೂಮಿಯಲ್ಲಿ ಮೆಕ್ಕೆಜೋಳ ಕಟಾವಾಗಿರುತ್ತದೆ, ಅಚ್ಚುಕಟ್ಟಿನಲ್ಲಿ ಮಳೆಗಾಲದ ಭತ್ತವೂ ಬಹುಪಾಲು ಕೊಯ್ಲಾಗಿ ಬೇಸಿಗೆ ನಾಟಿ ಶುರುವಾಗಿರುವುದಿಲ್ಲ. ಹೊಲ ಕಂದಾಗಿದ್ದು ಬದುವಿನಲ್ಲಿ ಇನ್ನೂ ಹಸಿರು ಉಳಿದಿರುವ ಎರಡು ಮೂರು ವಾರಗಳು ಅವು. ಬೆಳಿಗ್ಗೆ 11ರಿಂದ ಮಧ್ಯಾಹ್ನ 1ರ ನಡುವೆ ನೆರಳು ಚಿಕ್ಕದು. ಚಿತ್ರಗಳು ಒಂದರ ಮೇಲೊಂದು ನೂರಕ್ಕೆ 75ರಿಂದ 80ರಷ್ಟು ಹೊಂದುವಂತೆ ಹಾರಾಟವನ್ನು ಯೋಜಿಸಿದರೆ ಅವನ್ನು ಜೋಡಿಸಿ ಅಳತೆಗೆ ಯೋಗ್ಯವಾದ ನಕ್ಷೆಯನ್ನೂ, ಗಿಡಮರಗಳ ಎತ್ತರದ ಮಾದರಿಯನ್ನೂ ಪಡೆಯಬಹುದು.

ಇನ್ನೊಂದು ಸೂಕ್ಷ್ಮವಿದೆ. ಎರಡು ವರ್ಷಗಳ ನಕ್ಷೆಗಳ ನಡುವೆ ಅರ್ಧ ಮೀಟರ್ ಜರುಗಿದರೂ ಎರಡು ಮೀಟರ್ ಬದುವಿನ ಕಾಲುಭಾಗ ಒಂದು ಬದಿಯಲ್ಲಿ ನಾಶವಾದಂತೆಯೂ ಇನ್ನೊಂದು ಬದಿಯಲ್ಲಿ ಅಷ್ಟೇ ಹೊಸದಾಗಿ ಬೆಳೆದಂತೆಯೂ ತೋರುತ್ತದೆ. ಬರಿಯ ಜಿಪಿಎಸ್ ನಂಬಿದ ಡ್ರೋನ್‌ನಲ್ಲಿ ಕೆಲವು ಮೀಟರ್ ವ್ಯತ್ಯಾಸ ಸಾಮಾನ್ಯ. ಇದನ್ನು ತಪ್ಪಿಸಲು ನೆಲದ ಮೇಲೆ ಕದಲದ ಗುರುತುಗಳು ಬೇಕು. ನಾಲೆಯ ತೂಬಿನ ಕಟ್ಟೆ, ಸೇತುವೆಯ ಮೂಲೆ, ಸರ್ವೆ ಕಲ್ಲು ಇವು ಸುಣ್ಣ ಹಚ್ಚಿದರೆ ಸಾಕಷ್ಟು ಚೆನ್ನಾಗಿ ಕಾಣುತ್ತವೆ. ಭಾರತೀಯ ಸರ್ವೇಕ್ಷಣಾ ಇಲಾಖೆಯು ರಾಜ್ಯದಲ್ಲಿ ಸ್ಥಾಪಿಸಿರುವ ನಿರಂತರ ಉಪಗ್ರಹ ಸಂಕೇತ ಕೇಂದ್ರಗಳ ಜಾಲವನ್ನು ಬಳಸಿಕೊಂಡರೆ ಸೆಂಟಿಮೀಟರ್ ಮಟ್ಟದ ನಿಖರತೆ ಸಾಧ್ಯ.

ಹಸಿರೆಲ್ಲ ಆವಾಸವಲ್ಲ

ಮೇಲಿನಿಂದ ನೋಡುವವರು ಎಚ್ಚರ ವಹಿಸಬೇಕಾದ ವಿಷಯ ಇದು. ಗದ್ದೆಯ ಜಾಗದಲ್ಲಿ ಅಡಿಕೆ ತೋಟ ಬಂದರೆ ಹಸಿರಿನ ಸೂಚ್ಯಂಕ ಏರುತ್ತದೆ, ವರ್ಷವಿಡೀ ಏರಿಯೇ ಇರುತ್ತದೆ. ತೋಟದ ತಳದಲ್ಲಿ ಕಳೆನಾಶಕ ಹೊಡೆದು ನೆಲವನ್ನು ಬೋಳಾಗಿಸಿದ್ದರೆ ಅದು ಚಿತ್ರದಲ್ಲಿ ಕಾಣುವುದಿಲ್ಲ. ಹಾಗೆಯೇ ಬದುವಿನ ತುಂಬ ಲಂಟಾನವೋ, ಹಳ್ಳದ ದಂಡೆಯ ತುಂಬ ಬಳ್ಳಾರಿ ಜಾಲಿಯೋ ಹಬ್ಬಿದ್ದರೆ ನಕ್ಷೆಯಲ್ಲಿ ಅಖಂಡ ಹಸಿರು ಪಟ್ಟಿ ದೊರೆಯುತ್ತದೆ. ಅದರೊಳಗೆ ಒಂದು ಕಾಲದಲ್ಲಿದ್ದ ತಂಗಡಿ, ಕಾರೆ, ಬೋರೆ, ಹುಲ್ಲುಗಳು ಇಲ್ಲ. ನದಿಯಾಚೆಯ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ಅನುಭವವನ್ನೂ ನೆನೆಯಬಹುದು. 1974ರಲ್ಲಿ ಘೋಷಣೆಯಾದ ಆ ಬಯಲಿನಲ್ಲಿ ಎರ್ಲಡ್ಡು ಹಕ್ಕಿಯೂ ಇದ್ದ ಕಾಲವಿತ್ತು. ತೆರೆದ ಹುಲ್ಲುಗಾವಲನ್ನು ನಂಬಿದ ಅಂತಹ ಜೀವಿಗೆ ನೀಲಗಿರಿ ನೆಡುತೋಪು ಹಸಿರಾಗಿ ಕಂಡೀತೇ ಹೊರತು ಮನೆಯಾಗಲಾರದು.

ದಾವಣಗೆರೆ ನಗರದೊಳಗೂ ಇಂತಹುದೇ ಪ್ರಶ್ನೆ ಎದ್ದಿತ್ತು. 2016ರ ಜನವರಿಯಲ್ಲಿ ಪ್ರಕಟವಾದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ದಾವಣಗೆರೆ ಸೇರಿತ್ತು. ಆ ಯೋಜನೆಯಡಿ ಕುಂದವಾಡ ಕೆರೆಯ ಅಭಿವೃದ್ಧಿ ಕಾಮಗಾರಿ ನಡೆದಾಗ ಪರಿಸರಾಸಕ್ತರು ಆಕ್ಷೇಪಿಸಿದ್ದು ಓದುಗರಿಗೆ ನೆನಪಿರಬಹುದು. ಕೆರೆಯ ನೀರಿನ ವಿಸ್ತೀರ್ಣವನ್ನಷ್ಟೇ ಅಳೆದರೆ ಇಂತಹ ವಿವಾದ ಅರ್ಥವಾಗುವುದಿಲ್ಲ. ಕೊಕ್ಕರೆ, ನೀರುಕೋಳಿಗಳಿಗೆ ಬೇಕಾದದ್ದು ಮೊಣಕಾಲುದ್ದ ನೀರಿನ ಇಳಿಜಾರು ಅಂಚು, ಜೊಂಡು, ಕೆಸರು. ಏರಿಯನ್ನು ಕಡಿದಾಗಿ ಕಟ್ಟಿದರೆ ವಿಸ್ತೀರ್ಣ ಅಷ್ಟೇ ಉಳಿದು ಆ ಅಂಚು ಹೋಗುತ್ತದೆ. ಕಾಮಗಾರಿಯ ಮೊದಲು ಮತ್ತು ನಂತರದ ಡ್ರೋನ್ ನಕ್ಷೆಗಳು ಸಾರ್ವಜನಿಕರ ಮುಂದಿದ್ದರೆ ಇಂತಹ ಚರ್ಚೆಗೆ ಎರಡೂ ಪಕ್ಷಗಳಿಗೆ ಒಪ್ಪಿತವಾದ ಆಧಾರ ದೊರೆಯುತ್ತದೆ.

ಚಿತ್ರದ ಜೊತೆಗೆ ನೆಲದ ಮೇಲಿನ ನಡಿಗೆಯೂ ಬೇಕೇಬೇಕು. ಪ್ರತಿ ಗ್ರಾಮದಲ್ಲಿ ಹತ್ತಿಪ್ಪತ್ತು ಬದುಗಳನ್ನು ಆರಿಸಿ, ವರ್ಷಕ್ಕೆರಡು ಬಾರಿ ಗಿಡಗಳ ಹೆಸರು, ಹೂವಿನ ಕಾಲ, ಬಲೆಯಲ್ಲಿ ಸಿಕ್ಕ ಕೀಟಗಳ ಲೆಕ್ಕ ಬರೆದಿಟ್ಟರೆ ಮಾತ್ರ ನಕ್ಷೆಗೆ ಅರ್ಥ ಬರುತ್ತದೆ.

‘ಎಣ್ಣಿ ಹೊಡಿಯೋದಾ, ಅಳತಿ ಮಾಡೋದಾ?’

ಮೇಲೆ ಹೇಳಿದ ಹಳ್ಳದ ಬಳಿಯೇ ಹಿರಿಯ ರೈತರೊಬ್ಬರು ಬಂದು ನಿಂತು, ‘ಏನ್ರೀ ಸಾರ್, ಇದು ಎಣ್ಣಿ ಹೊಡಿಯೋ ಡ್ರೋನಾ, ಅಳತಿ ಮಾಡೋ ಡ್ರೋನಾ?’ ಎಂದು ಕೇಳಿದರು. ಎಣ್ಣೆಯದಲ್ಲ ಎಂದಾಗ ಅವರ ಮುಖ ಬಿಗಿಯಿತು. ‘ಹಂಗಾದ್ರ ಹಳ್ಳದ ಒತ್ತುವರಿ ನೋಡಾಕ ಬಂದೀರಿ’ ಎಂದರು. ಅವರ ಅನುಮಾನ ನಿರಾಧಾರವಲ್ಲ. ‘ಬಿ’ ಖರಾಬು ಮತ್ತು ಗೋಮಾಳದ ಮೇಲೆ ಉಳುಮೆ ಮಾಡಿಕೊಂಡು ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿರುವ ಬಗರ್‌ಹುಕುಂ ಸಾಗುವಳಿದಾರರು ನಮ್ಮ ಎಲ್ಲ ತಾಲ್ಲೂಕುಗಳಲ್ಲಿದ್ದಾರೆ. ಅವರಲ್ಲಿ ಬಹುತೇಕರು ಸಣ್ಣ ಹಿಡುವಳಿದಾರರು. ಮೂರು ಸೆಂಟಿಮೀಟರ್ ಸ್ಪಷ್ಟತೆಯ ನಕ್ಷೆ ಕೀಟಶಾಸ್ತ್ರಜ್ಞನಿಗೆ ಬದುವನ್ನು ತೋರಿಸುವಂತೆಯೇ ಕಂದಾಯ ಅಧಿಕಾರಿಗೆ ಒತ್ತುವರಿಯನ್ನೂ ತೋರಿಸುತ್ತದೆ.

ಈ ವಿಷಯದಲ್ಲಿ ನುಣುಚಿಕೊಳ್ಳುವುದು ಸರಿಯಲ್ಲ. ಸಂಶೋಧನೆಗೆಂದು ತೆಗೆದ ಚಿತ್ರಗಳನ್ನು ಸರ್ವೆ ನಂಬರ್‌ಗಳ ನಕ್ಷೆಯೊಡನೆ ಜೋಡಿಸದೆ, ಹಳ್ಳವಾರು ಮತ್ತು ಗ್ರಾಮವಾರು ಮೊತ್ತಗಳಾಗಿ ಮಾತ್ರ ಪ್ರಕಟಿಸಬೇಕು ಎಂಬುದು ನನ್ನ ನಿಲುವು. ಒಬ್ಬ ರೈತನ ಬದು ಎಷ್ಟು ಕಿರಿದಾಯಿತು ಎಂಬುದು ಆ ರೈತನಿಗೆ ತಿಳಿದರೆ ಸಾಕು. ಇದಕ್ಕೆ ವಿರುದ್ಧವಾದ ವಾದವೂ ಇದೆ: ದೊಡ್ಡ ಬಡಾವಣೆಗಾಗಿ ಹಳ್ಳವನ್ನೇ ಮುಚ್ಚಿದವರೂ ಇದೇ ಗೌಪ್ಯತೆಯ ಮರೆಯಲ್ಲಿ ಉಳಿದುಬಿಡುತ್ತಾರೆ ಎಂಬುದು. ಅದು ನಿಜ. ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಕೋರುವ ಬಡಾವಣೆಗಳಿಗೆ ಕಾಮಗಾರಿಯ ಮುಂಚಿನ ಡ್ರೋನ್ ನಕ್ಷೆಯನ್ನು ಕಡ್ಡಾಯಗೊಳಿಸಿ ಅದನ್ನು ಬಹಿರಂಗವಾಗಿಡುವುದು, ಎರಡೆಕರೆ ರೈತನ ಬದುವಿನ ಲೆಕ್ಕವನ್ನು ಬಹಿರಂಗಪಡಿಸದಿರುವುದು – ಇವೆರಡೂ ಒಟ್ಟಿಗೆ ಸಾಧ್ಯವಿದೆ.

2020ರ ಏಪ್ರಿಲ್‌ನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯ ಪ್ರಾಯೋಗಿಕ ಹಂತದಲ್ಲಿಯೇ ಕರ್ನಾಟಕ ಸೇರಿತ್ತು. ಆದರೆ ಅದರ ಉದ್ದೇಶ ಗ್ರಾಮಠಾಣಾ ವ್ಯಾಪ್ತಿಯ ಮನೆ–ನಿವೇಶನಗಳ ಹಕ್ಕುಪತ್ರ. ಊರ ಅಂಚಿನಾಚೆಯ ಬದು–ಹಳ್ಳಗಳು ಅದರ ಲೆಕ್ಕಕ್ಕೆ ಬರುವುದಿಲ್ಲ. 2002ರ ಜೈವಿಕ ವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಮತ್ತು ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಹಲವೆಡೆ ಆ ದಾಖಲಾತಿ ಒಮ್ಮೆ ಬರೆದು ಕಪಾಟಿನಲ್ಲಿಟ್ಟ ಪುಸ್ತಕವಾಗಿದೆ. ವರ್ಷಕ್ಕೊಂದು ಹಾಳೆಯಂತೆ ಡ್ರೋನ್ ನಕ್ಷೆಯನ್ನು ಅದಕ್ಕೆ ಸೇರಿಸುತ್ತಾ ಹೋಗುವುದಕ್ಕೆ ಹೊಸ ಕಾನೂನು ಬೇಕಿಲ್ಲ. ನಕ್ಷೆಯ ಒಡೆತನ ಪಂಚಾಯಿತಿಯದಾದರೆ ಆ ಹಿರಿಯರ ಅನುಮಾನವೂ ಸ್ವಲ್ಪ ಕಡಿಮೆಯಾದೀತು.

ಸಿಂಪರಣೆಯ ಡ್ರೋನ್‌ಗಳಿಗೂ ಈ ನಕ್ಷೆಗೂ ನೇರ ಸಂಬಂಧವಿದೆ ಎಂಬುದನ್ನು ಮರೆಯಬಾರದು. ಸಿಂಪರಣೆಯ ಹನಿಗಳು ಸಣ್ಣವು, ಗಾಳಿಗೆ ತೂರುವಂಥವು. ಬದು ಎಲ್ಲಿದೆ ಎಂಬುದು ಹಾರಾಟದ ಯೋಜನೆಯಲ್ಲಿ ಗುರುತಾಗಿರದಿದ್ದರೆ ಯಂತ್ರವು ಹೊಲದಷ್ಟೇ ನಿಷ್ಠೆಯಿಂದ ಬದುವಿಗೂ ಕೀಟನಾಶಕ ಸಿಂಪಡಿಸುತ್ತದೆ. ನಮ್ಮ ಭಾಗದ ಡ್ರೋನ್ ದೀದಿಯರಿಗೆ ಸಿಂಪರಣೆ ತರಬೇತಿಯ ಜೊತೆಗೆ ಒಂದು ದಿನ ನಕ್ಷೆ ಓದುವುದನ್ನೂ ಕಲಿಸಿದರೆ, ಬದು ಮತ್ತು ಹಳ್ಳದ ಅಂಚಿನಿಂದ ಕೆಲವು ಮೀಟರ್ ಬಿಟ್ಟು ಹಾರಿಸುವ ರೂಢಿ ತಾನಾಗಿ ಬೆಳೆಯುತ್ತದೆ.

ಸಮೀಕ್ಷೆಗೆ ಮುಂದಾಗುವ ಪಂಚಾಯಿತಿ, ರೈತ ಉತ್ಪಾದಕ ಸಂಸ್ಥೆ ಅಥವಾ ಕಾಲೇಜುಗಳು ಗಮನಿಸಬೇಕಾದ ನಿಯಮಗಳು ಹೆಚ್ಚೇನಿಲ್ಲ. 250 ಗ್ರಾಂಗಿಂತ ಹೆಚ್ಚು ತೂಕದ ಡ್ರೋನ್‌ಗೆ ನೋಂದಣಿ ಸಂಖ್ಯೆ ಅಗತ್ಯ. ಎರಡು ಕಿಲೋವರೆಗಿನ ಡ್ರೋನ್‌ನ್ನು ವಾಣಿಜ್ಯೇತರ ಉದ್ದೇಶಕ್ಕೆ ಹಾರಿಸಲು ಚಾಲಕ ಪ್ರಮಾಣಪತ್ರದ ಅಗತ್ಯವಿಲ್ಲ. ಹಸಿರು ವಲಯದಲ್ಲಿ 400 ಅಡಿ, ಅಂದರೆ ಸುಮಾರು 120 ಮೀಟರ್ ಎತ್ತರದವರೆಗೆ ಹಾರಿಸಬಹುದು. ಹಾರಾಟದ ದಿನವೇ ವಲಯ ನಕ್ಷೆಯನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು. ಕೊಂಡಜ್ಜಿಯಂತಹ ಅರಣ್ಯ ಪ್ರದೇಶದ ಮೇಲೆ, ಜಗಳೂರಿನ ರಂಗಯ್ಯನದುರ್ಗ ಕೊಂಡುಕುರಿ ಅಭಯಾರಣ್ಯದ ಆಸುಪಾಸಿನಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹಾರಿಸಬಾರದು. ಕೆರೆಗಳ ಬಳಿ ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಹಾರಾಟವನ್ನು ಮುಂದೂಡುವುದು ಉತ್ತಮ. ಹದ್ದುಗಳು ಡ್ರೋನ್ ಮೇಲೆರಗುವುದು ಅಪರೂಪವೇನಲ್ಲ. ಅವು ಸುತ್ತತೊಡಗಿದರೆ ಯಂತ್ರವನ್ನು ಇಳಿಸಿಬಿಡುವುದು ಹಕ್ಕಿಗೂ ಯಂತ್ರಕ್ಕೂ ಕ್ಷೇಮ.

ಈ ಸಲದ ಡಿಸೆಂಬರ್‌ಗೆ ಮುನ್ನ ರೈತ ಬಾಂಧವರಲ್ಲಿ ಒಂದು ವಿನಂತಿ. ಮೆಕ್ಕೆಜೋಳದ ಕಟಾವಿನ ನಂತರ ಕೂಳೆಗೆ ಬೆಂಕಿ ಇಡುವಾಗ ಅದು ಬದುವಿಗೆ ಹಬ್ಬದಂತೆ ಎರಡು ಸಾಲು ಮೊದಲೇ ಉತ್ತುಬಿಡಿ. ಬೆಂಕಿಯನ್ನೇ ಇಡದಿದ್ದರೆ ಮಣ್ಣಿಗೂ ಲಾಭ. ಬದು ಈಗಾಗಲೇ ಕಿರಿದಾಗಿರುವೆಡೆ ಪಕ್ಕದ ಜಮೀನಿನವರೊಡನೆ ಮಾತಾಡಿಕೊಂಡು ಇಬ್ಬರೂ ಅರ್ಧರ್ಧ ಮೀಟರ್ ಬಿಟ್ಟು ಗ್ಲಿರಿಸಿಡಿಯಾ, ತಂಗಡಿ, ತೊಗರಿಯ ಸಾಲು ಹಾಕಿಕೊಂಡರೆ ಒಂದೇ ಮಳೆಗಾಲದಲ್ಲಿ ಆ ಪಟ್ಟಿ ಮತ್ತೆ ಕೂಡಿಕೊಳ್ಳುವುದನ್ನು ಮುಂದಿನ ವರ್ಷದ ನಕ್ಷೆಯಲ್ಲಿ ತಾವೇ ನೋಡಬಹುದು.